ಇಂಗ್ಲೆಂಡಿನಲ್ಲೊಂದು ಕ್ಷಮಾವಳಿ

ಹೊರಡುವ ಮುಂಚೆ, ಕಾಗವಾಡ

ನಾನು ಇಂಗ್ಲೆಂಡಿಗೆ ಹೋಗಿ ಓದಿ ಬಂದದ್ದು ಕಳ್ಳರ ಬಗ್ಗೆ. ಅಪರಾಧಶಾಸ್ತ್ರ ಎಂಬ ದೊಡ್ಡ ಹೆಸರು ಅದಕ್ಕಿದೆ. ಆದರೆ ಕಾಗವಾಡದಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಕಳ್ಳರು ಅಂದ ಕೂಡಲೇ ಎಲ್ಲರೂ ಹತ್ತಿರ ಸರಿದು ಕೂಡುತ್ತಿದ್ದರು.

"ಕಳ್ಳರ ಸಂಬಂಧ ಕಲಿಯಾಕ ಇಂಗ್ಲೆಂಡಿಗೆ ಯಾಕ ಹೋಗಬೇಕ ಬೇ?" ಎಂದು ನಮ್ಮ ಸೋದರತ್ತೆ ಕೇಳಿದಳು. "ನಮ್ಮ ಕಬ್ಬಿನ ಹೊಲದಾಗ ಸುಮ್ನ ಕುಂದ್ರು. ಸಂಜೀತನಕ ಬೇಕಾದಷ್ಟು ಮಂದಿ ಸಿಗ್ತಾರ."

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯಲ್ಲಿ ಪ್ರೊಬೇಶನ್ ಅಧಿಕಾರಿಯಾಗಿದ್ದೆ. ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ಜೈಲಿಗೆ ಕಳಿಸಬೇಕೋ, ಬುದ್ಧಿ ಹೇಳಿ ಮನೆಗೆ ಕಳಿಸಬೇಕೋ ಎಂದು ನ್ಯಾಯಾಧೀಶರು ನಿರ್ಧರಿಸುವ ಮುಂಚೆ, ಆ ಮನುಷ್ಯನ ಮನೆ, ಓಣಿ, ನಡತೆ ಎಲ್ಲ ನೋಡಿ ಬಂದು ವರದಿ ಒಪ್ಪಿಸುವುದು ನನ್ನ ಕೆಲಸ. ರಾಯಬಾಗ, ನಿಪ್ಪಾಣಿ, ಅಥಣಿ ಎಂದು ಬಸ್ಸಿನಲ್ಲಿ ಅಲೆದು ಬಂದು, ಪ್ರತಿ ವರದಿಯ ಕೊನೆಗೂ "ಆರೋಪಿಗೆ ಪಶ್ಚಾತ್ತಾಪವಾಗಿದೆ" ಎಂದು ಬರೆಯುತ್ತಿದ್ದೆ. ಪಶ್ಚಾತ್ತಾಪ ಆಗಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅದನ್ನೇ ಓದುತ್ತೇನೆ ಎಂದು ಅರ್ಜಿ ಹಾಕಿದೆ. ಒಂದು ವರ್ಷದ ವಿದ್ಯಾರ್ಥಿವೇತನ ಸಿಕ್ಕಿಬಿಟ್ಟಿತು. ಅವ್ವ ಅತ್ತಳು. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ ಅಪ್ಪ ತಲೆ ಎತ್ತದೆ ಹೇಳಿದ, "ಹೋಗಿ ಬಾರವಾ. ಆದ್ರ ಕಲತ ಬಂದು ನನಗ ಪಾಠಾ ಹೇಳಬ್ಯಾಡ."

ಹೀಥ್ರೊ

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವನು ನನ್ನ ಚೀಲದಿಂದ ಹೊರತೆಗೆದದ್ದು ಅವ್ವ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ ಒಂದು ಬೆಲ್ಲದ ಹೆಂಟೆ. ನಮ್ಮ ಕಡೆಯ ಬೆಲ್ಲ ಕಪ್ಪು. ಅವನು ಅದನ್ನು ತಿರುಗಿಸಿ ನೋಡಿದ, ಮೂಸಿದ, ಚಾಕುವಿನಿಂದ ಕೆರೆದ. ಅವನ ಮುಖ ಗಂಭೀರವಾಗುತ್ತ ಹೋಯಿತು. ಅಫೀಮಿನ ಪೈಕಿ ಏನೋ ಒಂದು ಎಂದು ಅವನಿಗೆ ಅನುಮಾನ ಬಂದಿದೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವ ವಿಷಯ ಓದಲು ಬಂದಿದ್ದೀರಿ?"

"ಅಪರಾಧಶಾಸ್ತ್ರ."

ಅವನು ಚಾಕು ಕೆಳಗಿಟ್ಟು ನಗತೊಡಗಿದ. ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ನಮ್ಮಲ್ಲಿ ಒಬ್ಬರೇ ತಿನ್ನುವ ರೂಢಿ ಇಲ್ಲ, ಹಾಗಾಗಿ ಅವನಿಗೂ ಒಂದು ಚೂರು ಕೊಟ್ಟೆ. ಅವನು ನಿಯಮದ ಪ್ರಕಾರ ಬೇಡ ಅಂದ. ಪಕ್ಕದ ಮೇಜಿನವನು ಕೈ ಚಾಚಿ ತಿಂದ, ಚೆನ್ನಾಗಿದೆ ಅಂದ. ಪರದೇಶದಲ್ಲಿ ನನ್ನ ಮೇಲೆ ಬಂದ ಮೊದಲ ಅನುಮಾನ ಹೀಗೆ ಬೆಲ್ಲದಲ್ಲೇ ಕರಗಿತು. ಎಲ್ಲ ಅನುಮಾನಗಳೂ ಹೀಗೇ ಹೋಗುತ್ತವೆ ಎಂದುಕೊಂಡು ಹಗುರಾಗಿ ಹೊರಗೆ ಬಂದೆ.

ಓದಿನ ಊರು

ನನ್ನ ವಿಶ್ವವಿದ್ಯಾಲಯ ಇದ್ದದ್ದು ಉತ್ತರದ ಒಂದು ಊರಿನಲ್ಲಿ. ಕೆಂಪು ಇಟ್ಟಿಗೆಯ ಮನೆಗಳು, ಯಾವಾಗಲೂ ಒದ್ದೆಯಾಗಿರುವ ರಸ್ತೆಗಳು. ಚಳಿಗಾಲದಲ್ಲಿ ಮಧ್ಯಾಹ್ನ ಚಹಾ ಕುಡಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕೆಂಬ ನಮ್ಮ ಜೈನ ಮನೆಯ ನೇಮ ಪಾಲಿಸಲು ಹೋಗಿ, ಮಧ್ಯಾಹ್ನದ ಊಟ ಮತ್ತು ರಾತ್ರಿಯ ಊಟ ಒಂದರ ಬೆನ್ನಿಗೆ ಒಂದು ಬಂದು, ನಾನು ತರಗತಿಯಲ್ಲಿ ತೂಕಡಿಸುತ್ತಿದ್ದೆ. ಒಂದು ತಿಂಗಳಲ್ಲಿ ಆ ನೇಮ ಬಿಟ್ಟೆ. ಅವ್ವನಿಗೆ ಹೇಳಲಿಲ್ಲ.

ಅಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ. ನನ್ನ ಮಾರ್ಗದರ್ಶಕಿ ಹೆಲೆನ್, ನನ್ನ ಅವ್ವನಿಗಿಂತ ಹಿರಿಯಳು. ಬರೀ ಹೆಲೆನ್ ಅನ್ನಲು ನನ್ನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಹೆಲೆನ್ ಮೇಡಂ ಅಂದೆ. ಅದನ್ನು ಕೇಳಿ ಕೇಳಿ ಬೇರೆಯವರೂ ಆಕೆಯನ್ನು ಹಾಗೇ ಕರೆಯತೊಡಗಿದರು. ಆಕೆ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಆದರೆ ನನ್ನ ಇಂಗ್ಲಿಷನ್ನು ತಿದ್ದುವಾಗ ಎಂದೂ ಮುಖ ಗಂಟು ಹಾಕಲಿಲ್ಲ. ಆಕೆ ಆ ವರ್ಷ ಪಾಠ ಮಾಡಿದ ವಿಷಯ: ಮಾಡದ ಅಪರಾಧವನ್ನು ಜನ ಯಾಕೆ ಒಪ್ಪಿಕೊಳ್ಳುತ್ತಾರೆ? ದಣಿವಿಗೆ, ಹೆದರಿಕೆಗೆ, ಎದುರಿಗಿದ್ದವರನ್ನು ಮೆಚ್ಚಿಸಬೇಕೆಂಬ ಆಸೆಗೆ ಹೇಗೆ ಮನುಷ್ಯ ಸುಳ್ಳು ತಪ್ಪೊಪ್ಪಿಗೆ ಕೊಡುತ್ತಾನೆ ಎಂದು ಆಕೆ ವಿವರಿಸುತ್ತಿದ್ದರೆ ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

ಪಕ್ಕದಲ್ಲಿ ಕೂರುತ್ತಿದ್ದವನು ಕೊಲಿನ್. ನಡುವಯಸ್ಸಿನವನು. ಬಹಳ ವರ್ಷ ಪೊಲೀಸನಾಗಿದ್ದು, ಕೆಲಸ ಬಿಟ್ಟು, ಪ್ರೊಬೇಶನ್ ಇಲಾಖೆ ಸೇರಬೇಕೆಂದು ಓದಲು ಬಂದಿದ್ದ. ತಾನೇ ಸುತ್ತಿದ ಸಿಗರೇಟು ಸೇದುತ್ತಿದ್ದ. ಅವನ ಕೋಟಿನ ಹತ್ತಿರ ಹೋದರೆ ನಿಪ್ಪಾಣಿಯ ತಂಬಾಕಿನ ಗೋದಾಮಿನ ಮುಂದೆ ಹಾದು ಹೋದಂತಾಗುತ್ತಿತ್ತು. ನಾನು ಅಥಣಿಯ ಚಪ್ಪಲಿಯ ಉಂಗುಟದೊಳಗೆ ಕಾಲ್ಬೆರಳು ಹೋಗಲೆಂದು ಉಣ್ಣೆಯ ಕಾಲುಚೀಲಕ್ಕೆ ತೂತು ಮಾಡಿಕೊಂಡು ಹಿಮದಲ್ಲಿ ನಡೆದು ಬಂದದ್ದನ್ನು ನೋಡಿ, ಅವನು ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ತನ್ನ ಬೂಟು, ಒಂದು ದಪ್ಪ ಕೋಟು ಕೊಟ್ಟು, ಬಿಸಿ ಸೂಪು ಕುಡಿಸಿ ಕಳಿಸಿದಳು. ಆ ಕೋಟು ಇಲ್ಲದಿದ್ದರೆ ನಾನು ಅರ್ಧ ಓದಿಗೇ ವಾಪಸು ಬರುತ್ತಿದ್ದೆ.

ಜೈಲಿನ ಚಹಾ

ನನ್ನ ಪ್ರಬಂಧಕ್ಕಾಗಿ ಹತ್ತಿರದ ಜೈಲಿಗೆ ಹೋಗಿ ಕೈದಿಗಳ ಮಾತು ಟೇಪ್ ಮಾಡಿಕೊಂಡು ಬರಬೇಕಿತ್ತು. ಕೊಲಿನ್ ಕೂಡ ಇದೇ ಕೆಲಸಕ್ಕೆ ನನ್ನ ಜೊತೆ ಬರುತ್ತಿದ್ದ. ಮೊದಲ ದಿನ ಹೆದರಿಕೊಂಡು ಕೂತಿದ್ದೆ. ಬೋಳು ತಲೆಯ ಒಬ್ಬ ವಯಸ್ಸಾದ ಕೈದಿ, ಮನೆಗಳಿಗೆ ಕನ್ನ ಹಾಕುತ್ತಿದ್ದವನು, ಎದ್ದು ಹೋಗಿ ನನಗೊಂದು ಕಪ್ ಚಹಾ ತಂದುಕೊಟ್ಟ. ಸಕ್ಕರೆ ಎಷ್ಟು ಎಂದು ಕೇಳಿದ. ನಮ್ಮ ಕಡೆ ಯಾವ ಕಳ್ಳನ ಮನೆಗೆ ಹೋದರೂ ಮೊದಲು ಚಹಾ ಬರುತ್ತದೆ, ಆಮೇಲೆ ಸುಳ್ಳು ಬರುತ್ತದೆ. ಇಲ್ಲಿಯೂ ಹಾಗೇ ಎಂದು ಧೈರ್ಯ ಬಂತು. ಆದರೆ ಆ ಮನುಷ್ಯ ಸುಳ್ಳು ಹೇಳಲಿಲ್ಲ. ತಾನು ಕನ್ನ ಹಾಕಿದ ಒಂದು ಮನೆಯಲ್ಲಿ ಒಬ್ಬ ಮುದುಕಿ ಎಚ್ಚರವಾಗಿ ಮಲಗಿ ತನ್ನನ್ನೇ ನೋಡುತ್ತಿದ್ದಳೆಂದೂ, ಆ ಕಣ್ಣು ಇನ್ನೂ ತನ್ನನ್ನು ಬಿಟ್ಟಿಲ್ಲವೆಂದೂ ಹೇಳಿದ. ಈ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದ. ಬೀಳುವುದಿಲ್ಲ ಎಂದು ನಾನೂ ಕೊಲಿನ್ನೂ ಮಾತು ಕೊಟ್ಟೆವು.

ಆ ಕ್ಯಾಸೆಟ್ಟುಗಳೆಲ್ಲ ವಿಭಾಗದ ಒಂದು ಕಬ್ಬಿಣದ ಕಪಾಟಿನಲ್ಲಿದ್ದವು. ಕೀಲಿಕೈ ಇದ್ದದ್ದು ಹೆಲೆನ್, ಕೊಲಿನ್ ಮತ್ತು ನನ್ನ ಹತ್ತಿರ ಮಾತ್ರ. ಬೇಸಿಗೆ ಕಳೆದು, ನಾನು ಪ್ರಬಂಧ ಒಪ್ಪಿಸಿ, ಊರಿಗೆ ಹೊರಡುವ ತಯಾರಿಯಲ್ಲಿದ್ದಾಗ ಒಂದು ಕ್ಯಾಸೆಟ್ಟು ಕಾಣೆಯಾಗಿದೆ ಎಂದು ಗೊತ್ತಾಯಿತು. ಅದೇ ಬೋಳು ತಲೆಯವನದು. ಹೆಲೆನ್ ಇಬ್ಬರನ್ನೂ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಕೊಲಿನ್ ಕೂಡ ಗೊತ್ತಿಲ್ಲ ಅಂದ.

ಕ್ಷಮಾವಳಿಯ ದಿನ

ನಮ್ಮ ಜೈನರಲ್ಲಿ ಭಾದ್ರಪದದ ಪರ್ವ ಮುಗಿದ ಮೇಲೆ ಕ್ಷಮಾವಳಿ ಎಂದು ಒಂದು ದಿನ ಬರುತ್ತದೆ. ಅಂದು ಬಸದಿಯಲ್ಲಿ ಪೂಜೆ ಆದ ಮೇಲೆ ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಕೇಳಿಸಿಕೊಂಡವರೂ ತಿರುಗಿ ಅದನ್ನೇ ಕೇಳುತ್ತಾರೆ. ಕಾಲುವೆಯ ನೀರಿಗಾಗಿ ವರ್ಷವಿಡೀ ಕಚ್ಚಾಡುವ ನಮ್ಮಪ್ಪ ಮತ್ತು ಅವನ ದಾಯಾದಿ ಬಾಬು ಕಾಕಾ ಅವತ್ತು ಒಬ್ಬರಿಗೊಬ್ಬರು ಕೈ ಮುಗಿಯುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ನೀರಿನ ಜಗಳ ಶುರು.

ಇಡೀ ವರ್ಷ ನನ್ನನ್ನು ಸಾಕಿದ ಜನಕ್ಕೆ ಕ್ಷಮೆ ಕೇಳದೆ ಊರಿಗೆ ಹೋಗುವುದು ಹೇಗೆ? ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಕೋಟು ಹಾಕಿಕೊಂಡು ವಿಭಾಗಕ್ಕೆ ಹೋದೆ. ಮೊದಲು ಸಿಕ್ಕವನು ಕೊಲಿನ್. ಕೈ ಮುಗಿದು ಹೇಳಿದೆ. ಅವನ ಮುಖ ಬಿಳುಚಿತು. ಕೈಯಲ್ಲಿದ್ದ ಚಹಾ ಚೆಲ್ಲಿತು.

"ನನ್ನನ್ನು ಯಾಕೆ ಕೇಳುತ್ತೀ?" ಎಂದು ಹೇಳಿ ಸರಸರನೆ ಹೋಗಿಬಿಟ್ಟ. ನನ್ನ ಮಾತು ಅವನ ಮನಸ್ಸಿಗೆ ತಟ್ಟಿತು ಎಂದು ನನಗೆ ಖುಷಿಯಾಯಿತು.

ಆಮೇಲೆ ಹೆಲೆನ್ ಕೋಣೆ. ಆಕೆ ಕನ್ನಡಕ ತೆಗೆದು ನನ್ನ ಸೀರೆ ನೋಡಿದಳು. ನಾನು ಕೈ ಮುಗಿದು ನಿಂತು, ಒಂದೊಂದೇ ಪದ ಸ್ಪಷ್ಟವಾಗಿ, "ನಾನು ನಿಮಗೆ ಏನಾದರೂ ತಪ್ಪು ಮಾಡಿದ್ದರೆ ದಯವಿಟ್ಟು ಕ್ಷಮಿಸಿ" ಅಂದೆ. ಆಕೆ ಎದ್ದು ಬಾಗಿಲು ಹಾಕಿದಳು. ನನ್ನನ್ನು ಕೂರಿಸಿದಳು. ಕಾಗದದ ಕರವಸ್ತ್ರಗಳ ಡಬ್ಬಿ ನನ್ನ ಮುಂದೆ ಸರಿಸಿದಳು.

"ಹೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಧೈರ್ಯ ಬೇಕು" ಎಂದು ತುಂಬ ಮೃದುವಾಗಿ ಅಂದಳು. "ಈಗ ಹೇಳಿ, ಕ್ಯಾಸೆಟ್ಟು ಎಲ್ಲಿದೆ?"



ವಿಚಾರಣೆ

ಮೂವರ ಸಮಿತಿ. ಚಹಾ, ಬಿಸ್ಕೀಟು ಎಲ್ಲ ಇತ್ತು. ಚಿಕ್ಕೋಡಿಯಲ್ಲಿ ಆರೋಪಿಯನ್ನು ನಿಲ್ಲಿಸಿ ಗದರಿಸುತ್ತಾರೆ, ಇಲ್ಲಿ ಕೂರಿಸಿ ಬಿಸ್ಕೀಟು ಕೊಡುತ್ತಾರೆ. ಹೆದರಿಕೆ ಮಾತ್ರ ಅಷ್ಟೇ ಆಗುತ್ತದೆ. ಕೈದಿಯ ಗುಟ್ಟಿನ ಮಾತು ಹೊರಗೆ ಹೋಗಿದ್ದರೆ ವಿಭಾಗಕ್ಕೆ ಜೈಲಿನ ಬಾಗಿಲು ಮುಚ್ಚಿದಂತೆ. ಈ ವಿಷಯ ಇತ್ಯರ್ಥವಾಗುವ ತನಕ ನನ್ನ ಪ್ರಬಂಧ ಪರೀಕ್ಷಕರಿಗೆ ಹೋಗುವುದಿಲ್ಲ ಎಂದರು. ಕಳ್ಳತನದ ಕಳಂಕ ಹೊತ್ತು, ಪದವಿಯೂ ಇಲ್ಲದೆ ಊರಿಗೆ ಹೋದರೆ, ಚಿಕ್ಕೋಡಿಯ ಕೋರ್ಟಿನಲ್ಲಿ ಇನ್ನೊಬ್ಬರ ನಡತೆಯ ಬಗ್ಗೆ ನಾನು ಯಾವ ಬಾಯಿಂದ ವರದಿ ಹೇಳಲಿ?

ಕ್ಷಮಾವಳಿಯ ವಿಷಯ ವಿವರಿಸಿದೆ. ಸಮಿತಿಯ ಹಿರಿಯ ಸಹನೆಯಿಂದ ಕೇಳಿದ.

"ಅಂದರೆ ನೀವು ತಪ್ಪು ಮಾಡಿದ್ದೀರಾ, ಇಲ್ಲವಾ?"

"ತಿಳಿದು ಯಾವುದೂ ಮಾಡಿಲ್ಲ."

"ತಿಳಿಯದೆ?"

"ತಿಳಿಯದೆ ಮಾಡಿದ್ದು ನನಗೆ ಹೇಗೆ ತಿಳಿಯಬೇಕು?"

ಅವನು ಹೆಲೆನ್ ಕಡೆ ನೋಡಿದ. ನಾನು ಬಾಯಿ ಬಿಟ್ಟಷ್ಟೂ ಹೂತು ಹೋಗುತ್ತಿದ್ದೆ. ತಪ್ಪೇ ಮಾಡದೆ ಎಲ್ಲರಲ್ಲೂ ಕ್ಷಮೆ ಕೇಳುವ ಜನ ಇದ್ದಾರೆ ಎಂದು ಅವರಿಗೆ ನಂಬಲು ಆಗಲಿಲ್ಲ. ಸುಳ್ಳು ತಪ್ಪೊಪ್ಪಿಗೆಯ ಮೇಲೆ ಇಡೀ ವರ್ಷ ಪಾಠ ಮಾಡಿದ ಹೆಲೆನ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಮರುದಿನ ಬೆಳಿಗ್ಗೆ ಆಕೆಯೇ ನಾನಿದ್ದ ವಿದ್ಯಾರ್ಥಿಗಳ ಮನೆಗೆ ಬಂದಳು. ಕೊಲಿನ್ ಕ್ಯಾಸೆಟ್ಟು ತಂದು ಕೊಟ್ಟಿದ್ದಾನೆ ಎಂದಳು. ಕೇಳಿ ಬರೆದುಕೊಳ್ಳಲೆಂದು ಅದನ್ನು ಮನೆಗೆ ಒಯ್ದಿದ್ದನಂತೆ. ಒಯ್ಯಕೂಡದೆಂಬ ನಿಯಮ ಅವನಿಗೆ ಗೊತ್ತಿತ್ತು. ಮಗಳು ಅದರ ಮೇಲೆ ರೇಡಿಯೋದ ಹಾಡು ತುಂಬಿಸಿಕೊಂಡಿದ್ದಳು. ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದ. ನನ್ನನ್ನು ಸಮಿತಿಯ ಮುಂದೆ ಕೂರಿಸಿದ ಸುದ್ದಿ ಕೇಳಿ ತಡೆಯಲಾಗದೆ ಬಂದನಂತೆ.

"ನಾನು ನಿಮಗೆ ಅನ್ಯಾಯ ಮಾಡಿದೆ" ಎಂದು ಹೆಲೆನ್ ನನ್ನ ಕೈ ಹಿಡಿದುಕೊಂಡಳು. ಅಂಥ ವಿದ್ವಾಂಸೆ ವಿದ್ಯಾರ್ಥಿಯ ಬಾಗಿಲಿಗೆ ಬಂದು ಹೀಗೆ ಹೇಳಿದ್ದನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಪ್ರಬಂಧ ಅವತ್ತೇ ಪರೀಕ್ಷಕರಿಗೆ ಹೋಯಿತು.

ಆದರೆ ಕೊಲಿನ್? ಅವನನ್ನು ವಿಶ್ವವಿದ್ಯಾಲಯದಿಂದ ತೆಗೆದುಹಾಕಬೇಕೋ ಬೇಡವೋ ಎಂದು ಸಮಿತಿ ಮತ್ತೆ ಕೂಡಲಿತ್ತು. ಅದಕ್ಕೆ ಮುಂಚೆ ಅನ್ಯಾಯಕ್ಕೊಳಗಾದ ನನ್ನ ಮಾತು ಕೇಳುವುದೆಂದು ತೀರ್ಮಾನವಾಗಿತ್ತು. ಅವನ ಪ್ರೊಬೇಶನ್ ಕೆಲಸದ ಆಸೆ ಈಗ ನನ್ನ ನಾಲಿಗೆಯ ಮೇಲಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಎದುರಿಗೆ ಕೈ ಮುಗಿದು ನಿಂತವಳನ್ನು ನೋಡಿಯೂ ಸುಮ್ಮನಿದ್ದನಲ್ಲ! ಅಡುಗೆಮನೆಯಲ್ಲಿ ಜೊತೆಯ ವಿದ್ಯಾರ್ಥಿಗಳ ಮುಂದೆ, ಎಲ್ಲಿ ಹೋದರೂ ಪೊಲೀಸರ ಬುದ್ಧಿ ಇಷ್ಟೇ ಎಂದು ಅಂದುಬಿಟ್ಟೆ. ಅವನು ಮನೆಗೆ ಬಂದು ಬಾಗಿಲು ಬಡಿದ. ನಾನು ತೆರೆಯಲಿಲ್ಲ.

ಟೆಲಿಫೋನ್ ಡಬ್ಬಿ

ಕಾಗವಾಡದಲ್ಲಿ ನಮ್ಮ ಮನೆಗೆ ಫೋನಿರಲಿಲ್ಲ. ಓಣಿಯ ಗೊಬ್ಬರದಂಗಡಿಗೆ ಮಾಡಿ, ಅಪ್ಪನನ್ನು ಕರೆಸಿ, ಮತ್ತೆ ಮಾಡಬೇಕು. ರಸ್ತೆ ಬದಿಯ ಕೆಂಪು ಡಬ್ಬಿಯಲ್ಲಿ ನಿಂತು ಎಲ್ಲ ಹೇಳಿದೆ. ಅಪ್ಪ ಮೊದಲು ನಕ್ಕ.

"ಅಲ್ಲವಾ, ಕ್ಷಮಾ ಕೇಳಿದವ್ರನ್ನೆಲ್ಲಾ ಹಿಡೀತಾರಂದ್ರ ನಮ್ಮ ಬಸ್ತಿಗೆ ಒಂದ ವ್ಯಾನ್ ಸಾಲೂದಿಲ್ಲ."

"ನಗಬ್ಯಾಡಪಾ. ನನ್ನ ಜೀವಾ ಹೋಗಿತ್ತಿಲ್ಲಿ."

"ಈಗ ಆ ಪೊಲೀಸಪ್ಪ ಬಂದು ಕ್ಷಮಾ ಕೇಳ್ಯಾನೇನ?"

"ಕೇಳಾಕ ಬಂದಿದ್ದ. ನಾನ ಬಾಗಲಾ ತಗೀಲಿಲ್ಲ."

ಅಪ್ಪ ದನಿ ತಗ್ಗಿಸಿ ಹೇಳಿದ, ಬಹುಶಃ ಅಂಗಡಿಯವರಿಗೆ ಕೇಳಬಾರದೆಂದು.

"ಖರೇ ಹೇಳ್ಲೇನವಾ? ಬಾಬುಗ ನಾ ಪ್ರತಿ ವರ್ಷ ಕೈ ಮುಗೀತೀನಿ. ಬಾಯಿಲೆ ಅಂತೀನಿ, ಹೊಟ್ಟ್ಯಾಗಿನ ಸಿಟ್ಟು ಹಾಂಗ ಐತಿ. ಒಂದ ವರ್ಷರ ಇಳದಿಲ್ಲ. ನನ್ನ ಕೈಲೆ ಆಗಿಲ್ಲ. ನಿನ್ನ ಕೈಲೆ ಆದ್ರ ನೋಡವಾ. ಆಗದಿದ್ರ ಬಿಡು, ನಾ ಏನ ನಿನಗ ಬೈಯೂದಿಲ್ಲ."

ಡಬ್ಬಿಯಿಂದ ಹೊರಗೆ ಬಂದು ಬಹಳ ಹೊತ್ತು ನಡೆದೆ. ಹುಟ್ಟಿದಾಗಿನಿಂದ ಪ್ರತಿ ವರ್ಷ ನಾನು ಕ್ಷಮೆ ಕೇಳಿದ್ದೆ, ಹಬ್ಬದ ಹೋಳಿಗೆ ತಿಂದಷ್ಟೇ ಸಲೀಸಾಗಿ. ಕೊಡಬೇಕಾದ ಪ್ರಸಂಗ ಇದೇ ಮೊದಲು ಬಂದಿತ್ತು. ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಸಮಿತಿಯ ಮುಂದೆ ಮತ್ತೆ ಹೋದಾಗ ನನ್ನ ನೋವೆಲ್ಲ ಹೇಳಬೇಕೆಂದು ಸಜ್ಜಾಗಿ ಹೋಗಿದ್ದೆ. ಕೊಲಿನ್ ಮೂಲೆಯಲ್ಲಿ ಕೂತಿದ್ದ. ಏನು ಬಯಸುತ್ತೀರಿ ಎಂದು ಹಿರಿಯ ಕೇಳಿದಾಗ ನನ್ನ ಬಾಯಿಂದ ಬಂದದ್ದು ನನಗೇ ಹೊಸದು.

"ನನಗಿಂತ ಮುಂಚೆ ಜೈಲಿನ ಆ ಮನುಷ್ಯನನ್ನು ಕೇಳಬೇಕು. ಅಳಿಸಿ ಹೋದದ್ದು ಅವನ ಮಾತು. ಕೊಲಿನ್ ಹೋಗಿ ಅವನ ಎದುರಿಗೆ ಕೂತು ಹೇಳಲಿ. ಅವನು ಏನು ಹೇಳುತ್ತಾನೋ ನೋಡಿ ನೀವು ತೀರ್ಮಾನ ಮಾಡಿ."

ಕೊಲಿನ್ ಹೋದ. ಬೋಳು ತಲೆಯವನು ಎಲ್ಲ ಕೇಳಿಸಿಕೊಂಡು, ಪೊಲೀಸನೊಬ್ಬ ತನ್ನೆದುರು ತಪ್ಪೊಪ್ಪಿಕೊಳ್ಳುವ ದಿನ ಬಂತಲ್ಲ ಎಂದು ಬಿದ್ದು ಬಿದ್ದು ನಕ್ಕನಂತೆ. ಆಮೇಲೆ ಮುದುಕಿಯ ಕತೆಯನ್ನು ಮತ್ತೆ ಮೊದಲಿನಿಂದ ಹೇಳಿದನಂತೆ, ಇನ್ನೂ ಉದ್ದವಾಗಿ. ಸಮಿತಿ ಕೊಲಿನ್‌ಗೆ ಛೀಮಾರಿ ಹಾಕಿ ಓದು ಮುಗಿಸಲು ಬಿಟ್ಟಿತು.

ಬಸ್ ನಿಲ್ದಾಣ

ಇಷ್ಟಾದರೂ ನಾನು ಅವನ ಜೊತೆ ಮಾತಾಡಿರಲಿಲ್ಲ. ಸಮಿತಿಯ ಮುಂದೆ ನ್ಯಾಯ ಹೇಳಿದ್ದೆ ಅಷ್ಟೇ. ಹೊಟ್ಟೆಯೊಳಗಿನದು ಹಾಗೇ ಇತ್ತು. ಹೊರಡುವ ದಿನ ಲಂಡನ್ನಿಗೆ ಹೋಗುವ ಬಸ್ಸಿನ ಹತ್ತಿರ ನೋಡಿದರೆ ಅವನು ನಿಂತಿದ್ದಾನೆ. ನನ್ನ ಸೂಟ್‌ಕೇಸು ಎತ್ತಿಕೊಂಡ. ಸ್ವಲ್ಪ ದೂರ ನಡೆದ ಮೇಲೆ ಕೇಳಿದ:

"ಅವತ್ತು ನೀನು ಕೇಳಿದ್ದನ್ನು ಇವತ್ತು ನಾನು ಕೇಳಬೇಕು. ಕ್ಷಮಿಸುತ್ತೀಯಾ?"

ಕ್ಷಮಿಸಿದೆ ಎನ್ನಲು ನಾನೇನು ನ್ಯಾಯಾಧೀಶೆಯೇ? ನಮ್ಮಲ್ಲಿ ಯಾರೂ ಹಾಗೆ ಉತ್ತರ ಕೊಡುವುದಿಲ್ಲ. ತಿರುಗಿ ಕೇಳಬೇಕು. ಕೇಳಲು ನನ್ನ ಹತ್ತಿರ ಏನಿದೆ ಎಂದು ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ.

"ಕೊಲಿನ್, ನೀನು ಪೊಲೀಸ, ನಿನ್ನ ಬುದ್ಧಿಯೇ ಅಷ್ಟು ಎಂದು ಎಲ್ಲರ ಮುಂದೆ ಆಡಿದ್ದೇನೆ. ನೀನು ಬಂದಾಗ ಒಳಗಿದ್ದೂ ಬಾಗಿಲು ತೆರೆಯಲಿಲ್ಲ. ನಿನ್ನ ಹೆಂಡತಿ ಕೊಟ್ಟ ಕೋಟನ್ನು ವಾಪಸು ಕಳಿಸಬೇಕೆಂದು ಗಂಟು ಕಟ್ಟಿ ಇಟ್ಟಿದ್ದೆ. ಇದೆಲ್ಲ ತಿಳಿದೇ ಮಾಡಿದ್ದು. ಹೊಟ್ಟೆಗೆ ಹಾಕಿಕೊ."

ಎಂದು ಕೈ ಮುಗಿದೆ.

ಅವನ ಕಣ್ಣು ತುಂಬಿತು. ತಾನೂ ಕೈ ಮುಗಿಯಬೇಕೆಂದು ಅವನಿಗೆ ಹೊಳೆಯಿತು. ಕೈಯಲ್ಲಿ ಸೂಟ್‌ಕೇಸು ಇದೆ ಎಂಬುದು ಹೊಳೆಯಲಿಲ್ಲ. ಎರಡೂ ಕೈ ಜೋಡಿಸಿದ, ಪುಸ್ತಕ ತುಂಬಿದ ಆ ಸೂಟ್‌ಕೇಸು ಬಂದು ನನ್ನ ಕಾಲ ಮೇಲೆ ಬಿತ್ತು. "ಅಯ್ಯಯ್ಯೋ ಯವ್ವಾ!" ಎಂದು ನಾನು ಕೂಗಿದ್ದಕ್ಕೆ ನಿಲ್ದಾಣದ ಮಂದಿಯೆಲ್ಲ ತಿರುಗಿ ನೋಡಿದರು. ಕೊಲಿನ್ ನೆಲಕ್ಕೆ ಕೂತು, ನನ್ನ ಪಾದ ಹಿಡಿದುಕೊಂಡು, ತಪ್ಪಾಯಿತು ತಪ್ಪಾಯಿತು ಎನ್ನತೊಡಗಿದ. ನೋವಿಗೆ ಕಣ್ಣಲ್ಲಿ ನೀರು, ಆದರೂ ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಡ್ರೈವರು ಹಾರ್ನ್ ಹೊಡೆಯುವ ತನಕ ನಕ್ಕೆವು. ಆಗ ನೋಡಿಕೊಂಡೆ, ಒಳಗೆ ಸಿಟ್ಟು ಇರಲಿಲ್ಲ.

ನಮ್ಮೂರಿಗೆ ಹತ್ತಿರದ ಮೀರಜ ಸ್ಟೇಶನ್ನಿನಲ್ಲಿ ಕುಂಟುತ್ತ ಇಳಿದ ನನ್ನನ್ನು ನೋಡಿ ಅಪ್ಪ ಓಡಿ ಬಂದ.

"ಕಾಲಿಗೇನಾತವಾ?"

"ಏನಿಲ್ಲಪಾ" ಎಂದೆ. "ಕ್ಷಮಾವಳಿ ಮಾಡ್ಕೊಂಡ ಬಂದೆ."